ರೊಟ್ಟಿ ಪ್ಯಾಕೆಟ್ ಊರೂರು ತಲುಪಿತು, ಖಾನಾವಳಿಗೆ ಇನ್ನೂ ಬೋರ್ಡಿಲ್ಲ: ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಕಲಬುರಗಿ ಜಿಲ್ಲೆ.

ವಿಷಯ: ಕಲಬುರಗಿ ರಿಂಗ್ ರೋಡಿನ ಆಚೀಚೆ ಇರುವ ಖಾನಾವಳಿಗಳನ್ನು ಗುರುತಿಸಿ, ಅವಕ್ಕೆ ನೆಲೆ, ನೀರು, ನೆರಳು ಒದಗಿಸುವ ಕುರಿತು.

ಮಾನ್ಯರೇ,

ನಾನು ಔಷಧ ಕಂಪನಿಯೊಂದರ ಪ್ರತಿನಿಧಿ. ಜನ ನಮ್ಮನ್ನು ಎಂ.ಆರ್. ಎಂದು ಕರೆಯುತ್ತಾರೆ. ಮುಂಜಾನೆ ಬ್ಯಾಗು ಹೆಗಲಿಗೇರಿಸಿ ಬೈಕ್ ಹತ್ತಿದರೆ ಸೇಡಂ ರಸ್ತೆ, ಆಳಂದ ರಸ್ತೆ, ಹುಮನಾಬಾದ್ ರಸ್ತೆ, ಜೇವರ್ಗಿ ರಸ್ತೆ, ಶಹಾಬಾದ್ ರಸ್ತೆ ಎಂದು ಊರಿನ ಅಂಚು ಸುತ್ತುವುದೇ ನನ್ನ ಕೆಲಸ. ರವಿವಾರ ಬಿಟ್ಟರೆ ಮಧ್ಯಾಹ್ನದ ಊಟ ಹೊರಗೇ. ಹಾಗಾಗಿ ಈ ಊರಿನ ಹೊರವಲಯದಲ್ಲಿ ಯಾರು ಎಷ್ಟೊತ್ತಿಗೆ ಹಂಚು ಕಾಯಿಸುತ್ತಾರೆ, ಯಾರ ಪುಂಡಿಪಲ್ಲೆ (ಪುಂಡಿ ಸೊಪ್ಪಿನ ಪಲ್ಯ) ಹದವಾಗಿ ಹುಳಿ ಇರುತ್ತದೆ, ಯಾರ ಬ್ಯಾಳಿಗೆ ಬೆಳ್ಳುಳ್ಳಿ ಒಗ್ಗರಣೆ ಸರಿಯಾಗಿ ಬೀಳುತ್ತದೆ ಎಂಬುದು ನನಗೆ ಗೊತ್ತು. ಆ ತಿಳಿವಳಿಕೆಯ ಬಲದಿಂದಲೇ ತಮ್ಮ ಗಮನಕ್ಕೆ ಒಂದು ವಿಷಯ ತರುತ್ತಿದ್ದೇನೆ.

ಜಿಲ್ಲಾಡಳಿತ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಕೈರೊಟ್ಟಿಗೆ ಮಾರುಕಟ್ಟೆ ಕಲ್ಪಿಸಿತು. 2025ರ ಜೂನ್‌ನಲ್ಲಿ ಪ್ರಧಾನಮಂತ್ರಿಗಳು ತಮ್ಮ ‘ಮನ್ ಕಿ ಬಾತ್’ ಮಾತಿನಲ್ಲಿ ಅದನ್ನು ನೆನೆದಾಗ ನಮ್ಮ ಓಣಿಯಲ್ಲಿ ಹಿರಿಯ ಹೆಣ್ಣುಮಕ್ಕಳು ಟಿವಿ ಮುಂದೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಜೀವನವೆಲ್ಲ ರೊಟ್ಟಿ ಬಡಿದ ಕೈಗಳಿಗೆ ಅಂಥ ಮಾತು ಕೇಳಿ ಗೊತ್ತಿರಲಿಲ್ಲ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಮಾನ್ಯತೆ (ಜಿ.ಐ. ಟ್ಯಾಗ್) ಸಿಕ್ಕಾಗಲೂ ಇಂಥದೇ ಸಂತೋಷ ಆಗಿತ್ತು. ಈ ಎರಡಕ್ಕೂ ದುಡಿದ ಅಧಿಕಾರಿಗಳಿಗೆ ನನ್ನ ಕೃತಜ್ಞತೆ ಇದೆ. ಅದನ್ನು ಮೊದಲೇ ಹೇಳಿ ಮುಂದಿನ ಮಾತಿಗೆ ಹೋಗುತ್ತೇನೆ.

ಕಲಬುರಗಿಯಲ್ಲಿ ನಡೆದ ವೈದ್ಯರ ಸಮ್ಮೇಳನವೊಂದರಲ್ಲಿ ನಾನೂ ಇದ್ದೆ. ಹೊರಗಿನಿಂದ ಬಂದ ಅತಿಥಿಗಳಿಗೆ ಒಂದು ಚೀಟಿ ಕೊಟ್ಟಿದ್ದರು. ನೋಡಬೇಕಾದ ಜಾಗಗಳ ಪಟ್ಟಿ ಅದರಲ್ಲಿ ಚೆನ್ನಾಗಿಯೇ ಇತ್ತು. ಕೋಟೆ, 1367ರಲ್ಲಿ ಕಟ್ಟಿದ ಜಾಮಾ ಮಸೀದಿ, ಬಂದೇ ನವಾಜರ ದರ್ಗಾ, ಶರಣಬಸವೇಶ್ವರ ಗುಡಿ, ಬುದ್ಧ ವಿಹಾರ, ಯಾವುದೂ ಬಿಟ್ಟುಹೋಗಿರಲಿಲ್ಲ. ಕೆಳಗೆ ‘ಊಟದ ಸ್ಥಳಗಳು’ ಎಂದು ಬರೆದಲ್ಲಿ ಮಾತ್ರ ಎ.ಸಿ. ರೆಸ್ಟೋರೆಂಟುಗಳ ಹೆಸರುಗಳು. ಪನೀರ್, ನೂಡಲ್ಸ್, ತಂದೂರಿ. ಮೈಸೂರಿನಿಂದ ಬಂದ ಹಿರಿಯ ವೈದ್ಯರೊಬ್ಬರು ಆ ಚೀಟಿ ಹಿಡಿದು, “ಇಲ್ಲಿ ಜೋಳದ ರೊಟ್ಟಿ ಎಲ್ಲಿ ಸಿಗುತ್ತಪ್ಪ?” ಎಂದು ಕೇಳಿದರು. ಕೌಂಟರಿನಲ್ಲಿ ನಿಂತಿದ್ದ ಹುಡುಗನಿಗೆ ಉತ್ತರ ತಿಳಿಯಲಿಲ್ಲ. ನಮ್ಮೂರಿನ ಹುಡುಗನೇ ಅವನು. ಅವನ ಮನೆಯಲ್ಲಿ ಅಂದು ಮುಂಜಾನೆಯೂ ರೊಟ್ಟಿ ಆಗಿರಬೇಕು. ಆದರೆ ಅತಿಥಿಯನ್ನು ಕಳಿಸಬಹುದಾದ ಒಂದು ಜಾಗವೂ ಅವನ ಬಾಯಿಗೆ ಬರಲಿಲ್ಲ.

ನಾನು ಆ ವೈದ್ಯರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಆಳಂದ ಚೆಕ್ ಪೋಸ್ಟ್ ಕಡೆಗೆ ಕರೆದೊಯ್ದೆ.

ಆ ಕಡೆ ಒಂದು ಖಾನಾವಳಿ ಇದೆ. ಮುಂದೆ ತಗಡಿನ ಚಪ್ಪರ, ಒಳಗೆ ಶಹಾಬಾದ್ ಫರಸಿ ಹಾಸಿದ ನೆಲ, ನಾಲ್ಕು ಬೆಂಚು. ಅಕ್ಕ ಮತ್ತು ಅವರ ನಾದಿನಿ ಸೇರಿ ನಡೆಸುತ್ತಾರೆ. ಹನ್ನೊಂದರ ಹೊತ್ತಿಗೆ ರೊಟ್ಟಿ ಬಡಿಯುವ ಸಪ್ಪಳ ರಸ್ತೆಗೆ ಕೇಳುತ್ತದೆ. ತಾಟಿನಲ್ಲಿ ಬಿಸಿ ರೊಟ್ಟಿ, ತೊಗರಿಬೇಳೆಯೂ ಜೋಳದ ನುಚ್ಚೂ ಹಾಕಿ ಗಟ್ಟಿಯಾಗಿ ಬೇಯಿಸಿದ ಪುಂಡಿಪಲ್ಲೆ, ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಮೊಸರು, ಹಸಿ ಉಳ್ಳಾಗಡ್ಡಿ, ಸೀಸನ್ನಿದ್ದರೆ ಎಳೆ ಮೆಂತೆ ಸೊಪ್ಪು. ಇದೆಲ್ಲ ನೂರು ರೂಪಾಯಿಯೊಳಗೆ. ಎಳ್ಳಮವಾಸ್ಯೆ ಹತ್ತಿರ ಬಂದಾಗ ಬಜ್ಜಿಪಲ್ಲೆ ಮಾಡುತ್ತಾರೆ. ಹೊಲದಲ್ಲಿ ಸಿಕ್ಕ ಸೊಪ್ಪು, ಹಸಿ ಕಾಳು ಎಲ್ಲ ಕೂಡಿಸಿ ಬೇಯಿಸಿದ ಆ ಪಲ್ಲೆಗೆ ಸಜ್ಜಿ ರೊಟ್ಟಿ ಜೋಡಿ. ಹಬ್ಬದ ಅಡುಗೆಯನ್ನು ಭೂಮಿಗೆ ಅರ್ಪಿಸುವ ಚರಗ ಚೆಲ್ಲಲು ಹೊಲ ಇಲ್ಲದವರು, ಊರು ಬಿಟ್ಟು ಬಂದವರು ಆ ದಿನಗಳಲ್ಲಿ ಅಲ್ಲಿ ಸಾಲುಗಟ್ಟಿ ಕೂರುತ್ತಾರೆ. ಮೈಸೂರಿನ ವೈದ್ಯರು ಊಟ ಮುಗಿಸಿ ಕೈ ತೊಳೆದು, ಅಂಗಡಿಯ ಹೆಸರು ಬರೆದುಕೊಳ್ಳಲು ಹೊರಗೆ ಬಂದು ತಲೆ ಎತ್ತಿ ನೋಡಿದರು. ಬೋರ್ಡು ಇರಲಿಲ್ಲ. ಫೋನಿನ ನಕ್ಷೆಯಲ್ಲಿ ಹುಡುಕಿದರು. ಅದರಲ್ಲಿಯೂ ಇರಲಿಲ್ಲ.

ಬೋರ್ಡು ಯಾಕೆ ಹಾಕಿಸಿಲ್ಲ ಎಂದು ಆಮೇಲೊಮ್ಮೆ ನಾನು ಅಕ್ಕನನ್ನು ಕೇಳಿದೆ. ಅವರ ಉತ್ತರ ಇದು: “ನಾಳಿ ಯಾರರ ಬಂದು ಎತ್ತು ಅಂದ್ರ ಬೋರ್ಡಿನ ರೊಕ್ಕನೂ ಹೋಗ್ತದಲ್ರಿ ಅಣ್ಣಾ.”

ಮಾನ್ಯರೇ, ನಾನು ಈ ಪತ್ರ ಬರೆಯಲು ಕಾರಣ ಆ ಮಾತು.

ರೊಟ್ಟಿಗೆ ಹೆಸರು ಬಂದಿದೆ, ಪ್ಯಾಕೆಟ್ ಬಂದಿದೆ, ಆನ್‌ಲೈನ್ ಮಾರಾಟ ಬಂದಿದೆ. ಅದೆಲ್ಲ ಬೇಕಾದದ್ದೇ. ಆದರೆ ಬಿಸಿ ರೊಟ್ಟಿಯನ್ನು ಪ್ಯಾಕೆಟ್ಟಿನಲ್ಲಿ ಕಳಿಸಲು ಬರುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಅಂಟು ಇಲ್ಲ. ಕುದಿಯುವ ನೀರು ಹಾಕಿ, ಕೈ ಸುಡುವಾಗಲೇ ನಾದಿ, ಅಂಗೈಯಿಂದ ಬಡಿದು ಅಗಲಿಸಿ, ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ ಉಬ್ಬಿಸಬೇಕು. ಹಿಟ್ಟು ಬೀಸಿ ಬಹಳ ದಿನ ಆಗಿದ್ದರೆ ಜಿಗಿ ಹೋಗಿ ಅಂಚು ಸೀಳುತ್ತದೆ. ಹಂಚಿನಿಂದ ಇಳಿದ ಮೇಲೆ ಆ ಮೆತ್ತಗಿನ ಗುಣ ಇರುವುದು ಕೆಲವೇ ನಿಮಿಷ. ಕಡಕ್ ರೊಟ್ಟಿಯದು ಬೇರೆ ಲೆಕ್ಕ. ನೀರಿನಂಶ ಹೋಗುವ ಹಾಗೆ ಒಣಗಿಸುವುದರಿಂದ ಅದು ವಾರಗಟ್ಟಲೆ ಕೆಡದೆ ಉಳಿದು ಬೆಂಗಳೂರು, ಮುಂಬಯಿ ಮುಟ್ಟುತ್ತದೆ. ಬಿಸಿ ರೊಟ್ಟಿ ಬೇಕೆಂದರೆ ಉಣ್ಣುವವರೇ ಹಂಚಿನ ಬಳಿಗೆ ಬರಬೇಕು. ಬರುವವರಿಗೆ ದಾರಿ ತೋರಿಸುವ ಕೆಲಸ ಮಾತ್ರ ಇನ್ನೂ ಯಾರೂ ಮಾಡಿಲ್ಲ.

ಊರಿನ ಒಳಗಿನ ಹೋಟೆಲುಗಳ ಬಗ್ಗೆ ನಾನು ಬರೆಯುತ್ತಿಲ್ಲ. ಸೂಪರ್ ಮಾರ್ಕೆಟ್, ಜಗತ್ ಸರ್ಕಲ್, ಬಸ್ ನಿಲ್ದಾಣದ ಸುತ್ತ ಇರುವವರಿಗೆ ಗಿರಾಕಿಗಳ ಕೊರತೆ ಇಲ್ಲ, ಹೆಸರೂ ಇದೆ. ಹೊರವಲಯದ ಕಥೆ ಬೇರೆ. ಕಳೆದ ನಾಲ್ಕು ದಶಕಗಳಲ್ಲಿ ಊರು ಬೆಳೆದದ್ದು ಆ ದಿಕ್ಕಿಗೇ. 1980ರಲ್ಲಿ ವಿಶ್ವವಿದ್ಯಾಲಯ ಸೇಡಂ ರಸ್ತೆಯ ಕಡೆ ಬಂತು. ಆಮೇಲೆ ಅದೇ ರಸ್ತೆಗೆ ದೊಡ್ಡ ಆಸ್ಪತ್ರೆಗಳು, ವೈದ್ಯಕೀಯ ಕಾಲೇಜುಗಳು ಬಂದವು. 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯ ಆಳಂದ ರಸ್ತೆಯ ಕಡಗಂಚಿಯಲ್ಲಿದೆ. ಹೈಕೋರ್ಟ್ ಪೀಠ 2008ರಲ್ಲಿ ಸಂಚಾರಿ ಪೀಠವಾಗಿ ಬಂದು 2013ರಲ್ಲಿ ಕಾಯಂ ಆಯಿತು. ಕಪನೂರ, ನಂದೂರ ಕಡೆ ಕೈಗಾರಿಕಾ ಪ್ರದೇಶಗಳು. ಹೀಗೆ ದಿನವೂ ಬೀದರ್, ಯಾದಗಿರಿ, ರಾಯಚೂರು, ವಿಜಯಪುರದಿಂದ ಬರುವ ಕಕ್ಷಿದಾರರು, ರೋಗಿಗಳ ಕಡೆಯವರು, ಪರೀಕ್ಷೆ ಬರೆಯುವ ಮಕ್ಕಳು, ಲಾರಿ ಚಾಲಕರು ಹೆಚ್ಚಾಗಿ ಇಳಿಯುವುದು ಈ ಹೊರವಲಯದಲ್ಲೇ. ಇವರಿಗೆಲ್ಲ ಹೊಟ್ಟೆ ತುಂಬಿಸುತ್ತಿರುವುದು ನಾನು ಹೇಳುವ ಖಾನಾವಳಿಗಳು.

ಸೇಡಂ ರಸ್ತೆಯ ಆಸ್ಪತ್ರೆಗಳ ಎದುರಿನ ಸಾಲಿನಲ್ಲಿರುವ ಒಂದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಕೆಲಸದ ಹೆಚ್ಚು ಹೊತ್ತು ಅಲ್ಲೇ ಕಳೆಯುತ್ತದೆ. ನಡೆಸುವವರು ಚಿತ್ತಾಪುರ ಕಡೆಯ ಗಂಡ-ಹೆಂಡತಿ. ಅವರಲ್ಲಿಗೆ ಬರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾರ್ಡಿನಲ್ಲಿ ರೋಗಿಯನ್ನು ಬಿಟ್ಟು ಬಂದವರು. ಅವರ ಊಟದ ರೀತಿಯೇ ಬೇರೆ. ಒಂದು ಕಣ್ಣು ಫೋನಿನ ಮೇಲೆ, ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಆ ಅಮ್ಮ ಇದನ್ನು ಬಲ್ಲರು. “ಮೊದ್ಲ ನೀ ಉಣ್ಣು ಯಪ್ಪಾ, ನೀ ಬಿದ್ರ ಅವ್ರನ್ನ ಯಾರು ನೋಡ್ಬೇಕು?” ಎಂದು ರೊಟ್ಟಿ ಮುರಿದು ಮೇಲೆ ಬ್ಯಾಳಿ ಸುರಿಯುತ್ತಾರೆ. ರೋಗಿಗೆ ಗಂಜಿ ಬೇಕೆಂದರೆ ಡಾಕ್ಟರು ಉಪ್ಪು ಹಾಕಲು ಹೇಳಿದ್ದಾರೋ ಇಲ್ಲವೋ ಎಂದು ಕೇಳಿ ಮಾಡಿಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ಅನ್ನ ಕಡಿಮೆ ಮಾಡಿ ರೊಟ್ಟಿ, ಮಡಕಿಕಾಳು ಪಲ್ಲೆ ಬಡಿಸುತ್ತಾರೆ. ರೊಕ್ಕ ಸಾಲದವರ ಹೆಸರು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾರೆ. ಆ ಬುಕ್ಕಿನಲ್ಲಿ ತೀರದೆ ಉಳಿದ ಸಾಲುಗಳನ್ನು ನಾನು ಕಂಡಿದ್ದೇನೆ. ಅವರು ಅದರ ಬಗ್ಗೆ ಒಮ್ಮೆಯೂ ಜೋರಾಗಿ ಮಾತಾಡಿದ್ದನ್ನು ಕೇಳಿಲ್ಲ. ರುಚಿಯ ಮಾತಿಗೆ ಬಂದರೆ, ಅಲ್ಲಿಯ ಹಿಟ್ಟಿನ ಪಲ್ಲೆ ಮತ್ತು ಕೆಂಪು ಖಾರಕ್ಕೆ ಸಮನಾದದ್ದು ಆ ರಸ್ತೆಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಖಾನಾವಳಿಯ ಮುಂದೆ ಚರಂಡಿ ಕಾಮಗಾರಿಗೆ ನೆಲ ಅಗೆದರು. ಅಗೆದದ್ದಕ್ಕೆ ತಕರಾರಿಲ್ಲ, ಚರಂಡಿ ಬೇಕು. ಅಗೆದು ಹಾಗೇ ಬಿಟ್ಟು ಹೋದರು. ಮಳೆಗಾಲ ಬಂತು, ಗುಂಡಿಯಲ್ಲಿ ನೀರು ನಿಂತಿತು, ದಾಟಲು ಹಲಗೆಯೂ ಇಲ್ಲ. ವಯಸ್ಸಾದವರು ಗುಂಡಿ ದಾಟಲಾಗದೆ ಪಕ್ಕದ ಬೇಕರಿಯಲ್ಲಿ ಬನ್ ತಿಂದು ವಾರ್ಡಿಗೆ ಮರಳುವುದನ್ನು ನಾನು ನೋಡಿದೆ. ಕೊನೆಗೆ ಆ ಗಂಡ-ಹೆಂಡತಿ ತಮ್ಮದೇ ಖರ್ಚಿನಲ್ಲಿ ಎರಡು ಫರಸಿ ಕಲ್ಲು ತಂದು ಹಾಸಿದರು. ಯಾರ ಗುತ್ತಿಗೆ, ಯಾವ ಇಲಾಖೆ ಎಂದು ಇಲ್ಲಿ ಹೆಸರು ಹಿಡಿದು ದೂರುವುದು ನನ್ನ ಉದ್ದೇಶವಲ್ಲ. ಊಟದ ಅಂಗಡಿಯ ಮುಂದೆ ಅಗೆಯುವಾಗ ಜನ ದಾಟಲು ಒಂದು ಹಲಗೆ ಹಾಕಬೇಕು ಎಂಬ ಷರತ್ತು ಪ್ರತಿ ಕಾಮಗಾರಿಯಲ್ಲೂ ಇರಬೇಕು ಎಂದು ಕೇಳುತ್ತೇನೆ.

ಕಪನೂರ ಕಡೆ ಹೋದರೆ ಬೆಳಗಿನ ಜಾವವೇ ಒಲೆ ಹೊತ್ತಿರುತ್ತದೆ. ದಾಲ್ ಮಿಲ್ಲಿನ ಹಮಾಲರು ಕೆಲಸಕ್ಕೆ ಇಳಿಯುವ ಮುಂಚೆ ಸುಸಲಾ, ಮಿರ್ಚಿ ಭಜಿ, ಚಾ ಮುಗಿಸಬೇಕು. ಮಂಡಾಳ (ಮಂಡಕ್ಕಿ) ನೆನೆಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಪುಟಾಣಿ ಪುಡಿ ಹಾಕಿ ಒಗ್ಗರಿಸಿದ ಸುಸಲಾಕ್ಕೆ ಅಲ್ಲಿ ನಿಂಬೆಹಣ್ಣು ಧಾರಾಳ. ಮಧ್ಯಾಹ್ನಕ್ಕೆ ಗಟ್ಟಿ ಬ್ಯಾಳಿ, ರೊಟ್ಟಿ, ಅನ್ನ. ಮಿಲ್ಲಿನಿಂದ ಆಗಷ್ಟೇ ಹೊರಬಂದ ಹೊಸ ತೊಗರಿಬೇಳೆಯ ಪರಿಮಳ ತಿಳಿಯಬೇಕೆಂದರೆ ಹೊಸ ಫಸಲು ಬಂದ ದಿನಗಳಲ್ಲಿ, ಜನವರಿ-ಫೆಬ್ರುವರಿ ಹೊತ್ತಿಗೆ, ಅಲ್ಲಿ ಒಮ್ಮೆ ಉಣ್ಣಬೇಕು. ಭೌಗೋಳಿಕ ಮಾನ್ಯತೆಯ ಕಾಗದದಲ್ಲಿ ಬರೆದಿರುವ ರುಚಿ ತಾಟಿನಲ್ಲಿ ಸಿಗುವ ಜಾಗ ಅದು.

ಇಲ್ಲೇ ನೀರಿನ ಮಾತು ಹೇಳಿಬಿಡುತ್ತೇನೆ. ಊರಿಗೆ ಭೀಮಾ ಮತ್ತು ಬೆಣ್ಣೆತೊರಾದಿಂದ ನೀರು ಬರುತ್ತದೆ, ಆದರೆ ಹೊರವಲಯದ ಬಹಳಷ್ಟು ಖಾನಾವಳಿಗಳು ಬೋರಿನ ನೀರನ್ನೇ ನಂಬಿವೆ. ನಮ್ಮ ಕಡೆಯ ಬೋರಿನ ನೀರು ಗಡುಸು. ಸುಣ್ಣದ ಅಂಶ ಹೆಚ್ಚಿರುವ ನೀರಿನಲ್ಲಿ ಕಾಳಿನ ಸಿಪ್ಪೆ, ಬೇಳೆಯ ಒಳಭಾಗ ಬೇಗ ಮೆತ್ತಗಾಗುವುದಿಲ್ಲ, ಎಷ್ಟು ಕುದಿಸಿದರೂ ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಆಗ ಒಂದೋ ಸೋಡಾ ಪುಡಿ ಹಾಕಬೇಕು, ಇಲ್ಲವೇ ಗ್ಯಾಸು ಹೆಚ್ಚು ಉರಿಸಬೇಕು, ಇಲ್ಲವೇ ಕ್ಯಾನ್ ನೀರು ಕೊಳ್ಳಬೇಕು. ಒಳ್ಳೆಯ ಅಡುಗೆಯವರು ಸೋಡಾ ಮುಟ್ಟುವುದಿಲ್ಲ, ಕ್ಯಾನ್ ನೀರಿಗೆ ರೊಕ್ಕ ಸುರಿಯುತ್ತಾರೆ. ತೊಗರಿಯ ಕಣಜ ಎನ್ನಿಸಿಕೊಂಡ ಊರಿನಲ್ಲಿ ತೊಗರಿಬೇಳೆ ಬೇಯಿಸಲು ನೀರು ಕೊಳ್ಳಬೇಕಾದ ಸ್ಥಿತಿ ತಮ್ಮಂಥ ಅಧಿಕಾರಿಗಳ ಮನಸ್ಸಿಗೆ ತಟ್ಟಬೇಕು. ಕೈಗಾರಿಕಾ ಪ್ರದೇಶಕ್ಕೆ ಕೊಡುವ ಕುಡಿಯುವ ನೀರಿನ ಕೊಳವೆಯಿಂದ ಖಾನಾವಳಿ ಸಾಲಿಗೆ ಒಂದು ಸಾರ್ವಜನಿಕ ನಳ ಹಾಕಿಸಿದರೂ ಬಹಳ ಉಪಕಾರ.

ರಿಂಗ್ ರೋಡಿನ ಇನ್ನೊಂದು ಬದಿಗೆ ತಹರಿ ಮಾರುವವರಿದ್ದಾರೆ. ಹೊರಗಿನವರಿಗೆ ಕಲಬುರಗಿ ಎಂದರೆ ರೊಟ್ಟಿ ಒಂದೇ ನೆನಪಾಗಬಹುದು. ಈ ಊರಿನ ಬಾಯಲ್ಲಿ ತಹರಿಯೂ ಅಷ್ಟೇ ಆಳವಾಗಿ ಕೂತಿದೆ. ಬಿರಿಯಾನಿಯ ಹಾಗೆ ಪದರು ಪದರು ಇಲ್ಲ. ಅಕ್ಕಿ, ಮಾಂಸ, ಮಸಾಲೆ ಒಂದೇ ಡೇಗಿನಲ್ಲಿ, ಅಂದರೆ ದೊಡ್ಡ ಹಂಡೆಯಲ್ಲಿ, ಕೂಡಿ ಬೇಯುತ್ತವೆ, ಮಾಂಸದ ಸಾರವೆಲ್ಲ ಅಕ್ಕಿ ಕುಡಿದಿರುತ್ತದೆ. ಡೇಗಿನ ಮುಚ್ಚಳ ತೆಗೆದದ್ದು ಗಾಳಿಗೇ ಗೊತ್ತಾಗುತ್ತದೆ. ಮಧ್ಯಾಹ್ನ ತಡವಾಗಿ ಹೋದವರಿಗೆ ತಳದ್ದೂ ಸಿಗುವುದಿಲ್ಲ. ಗ್ಯಾರೇಜಿನ ಹುಡುಗರು, ವಕೀಲರು, ಬ್ಯಾಂಕಿನವರು ಒಂದೇ ಬೆಂಚಿನ ಮೇಲೆ ಉಣ್ಣುತ್ತಾರೆ. ಅಲ್ಲಿಯ ಚಾಚಾ ಒಬ್ಬರು ತಮ್ಮ ಅಪ್ಪನ ಕಾಲದ ಡೇಗನ್ನೇ ಇನ್ನೂ ಬಳಸುತ್ತಾರೆ, ಪ್ರತಿ ವರ್ಷ ಕಲಾಯಿ ಹಾಕಿಸುತ್ತಾರೆ. ಬಹಮನಿಗಳ ಕೋಟೆ ತೋರಿಸುವ ಪ್ರತಿಯೊಬ್ಬ ಮಾರ್ಗದರ್ಶಿಯೂ ಅದು ಮುಗಿದ ಮೇಲೆ ಅತಿಥಿಯನ್ನು ಇಲ್ಲಿಗೆ ಕಳಿಸಬೇಕು. ರೊಟ್ಟಿ ಮತ್ತು ತಹರಿ ಎರಡನ್ನೂ ಉಂಡವರಿಗೆ ಈ ಊರು ತಿಳಿಯುತ್ತದೆ. ಹಾಗಾಗಿ ಪಟ್ಟಿ ಮಾಡುವಾಗ ಒಂದನ್ನು ಬರೆದು ಇನ್ನೊಂದನ್ನು ಬಿಡಬೇಡಿರಿ ಎಂದು ವಿಶೇಷವಾಗಿ ಬೇಡುತ್ತೇನೆ.

ಶಹಾಬಾದ್ ರಸ್ತೆಯ ಜವಾರಿ ಕೋಳಿ, ಜೇವರ್ಗಿ ರಸ್ತೆಯಲ್ಲಿ ಸಂಜೆ ಮಾತ್ರ ಸಿಗುವ ಭಜಿ, ಇವೂ ಹೇಳಬೇಕಾದವೇ. ಪತ್ರ ಉದ್ದವಾದೀತೆಂದು ಬಿಡುತ್ತೇನೆ.

ಇನ್ನು ನೆಲೆಯ ಪ್ರಶ್ನೆ. ಈ ಅಂಗಡಿಗಳಲ್ಲಿ ಕೆಲವು ಖಾಸಗಿ ಜಾಗದಲ್ಲಿ ಬಾಡಿಗೆ ಕೊಟ್ಟು ಇವೆ. ಕೆಲವು ರಸ್ತೆಯ ಅಂಚಿನಲ್ಲಿವೆ, ಅಕ್ಕ ಹೆದರುತ್ತಿರುವುದು ಆ ಕಾರಣಕ್ಕೇ. ರಸ್ತೆ ಅಂಚಿನವರಿಗಾಗಿ ಸಂಸತ್ತು 2014ರಲ್ಲಿ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಮಾಡಿದೆ. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಸಮೀಕ್ಷೆ ಮುಗಿದು ಎಲ್ಲರಿಗೂ ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸಬಾರದು ಎಂದು ಅದು ಹೇಳುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆ ಇಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ, ಅದರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಸ್ಥಳಾಂತರ ಅನಿವಾರ್ಯವಾದರೆ 30 ದಿನಗಳ ನೋಟಿಸ್ ಕೊಡಬೇಕು. ಕಾನೂನು ಇಷ್ಟು ಸ್ಪಷ್ಟವಾಗಿದೆ. ಅದರ ವಿಷಯ ಅಕ್ಕನಿಗೆ ಗೊತ್ತೇ ಎಂದು ಕೇಳಿದೆ. “ಯಾರೂ ಹೇಳಿಲ್ರಿ” ಎಂದರು. ಸಾಲದ ಯೋಜನೆಯ ಬಗ್ಗೆ ಮಾತ್ರ ತಿಳಿದಿತ್ತು. 2020ರಲ್ಲಿ ಶುರುವಾದ ಪಿ.ಎಂ. ಸ್ವನಿಧಿಯಲ್ಲಿ ಮೊದಲ ಕಂತಿನ 10,000 ರೂಪಾಯಿ ಪಡೆದು ತೀರಿಸಿದ್ದಾರಂತೆ. ಸಾಲ ಸರಿಯಾಗಿ ತೀರಿಸಿದ ಹೆಣ್ಣುಮಗಳು ಬೋರ್ಡು ಹಾಕಲು ಹೆದರುತ್ತಾರೆ ಎಂದರೆ, ಅವರಿಗೆ ರೊಕ್ಕಕ್ಕಿಂತ ಮೊದಲು ಬೇಕಾದದ್ದು ನೆಲೆಯ ಭರವಸೆ.

ಎದುರು ವಾದ ನನಗೆ ತಿಳಿಯದೆ ಇಲ್ಲ. ರಿಂಗ್ ರೋಡಿನಲ್ಲಿ ಲಾರಿಗಳ ಓಡಾಟ ವಿಪರೀತ, ಅಂಗಡಿ ಮುಂದೆ ಬೈಕು ಅಡ್ಡಾದಿಡ್ಡಿ ನಿಂತರೆ ಅಪಘಾತ ಆಗುತ್ತದೆ. ಕೆಲವರು ತೊಳೆದ ನೀರನ್ನು ರಸ್ತೆಗೇ ಚೆಲ್ಲುತ್ತಾರೆ, ಪ್ಲಾಸ್ಟಿಕ್ ಹಾಳೆ ಗಾಳಿಗೆ ಬಿಡುತ್ತಾರೆ. ಬಿಸಿ ಬ್ಯಾಳಿಯನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡುವುದನ್ನು ಔಷಧ ಕ್ಷೇತ್ರದಲ್ಲಿರುವ ನಾನು ಒಪ್ಪಲಾರೆ, ಅಲ್ಲೇ ಹೇಳಿದ್ದೇನೆ ಕೂಡ. ಇಂಥ ತಪ್ಪುಗಳನ್ನು ತಿದ್ದಲೇಬೇಕು. ಆದರೆ ಕಸದ ತೊಟ್ಟಿ ಇಲ್ಲದ, ಚರಂಡಿ ಇಲ್ಲದ, ನಳ ಇಲ್ಲದ ಜಾಗದಲ್ಲಿ ಸ್ವಚ್ಛತೆಗೆ ದಂಡ ಹಾಕಿದರೆ ಏನೂ ಬದಲಾಗದು. ಮೊದಲು ಸೌಕರ್ಯ ಕೊಟ್ಟು ಆಮೇಲೆ ಕಟ್ಟುನಿಟ್ಟಾಗಿ ಕೇಳಿ, ನಾನೂ ನಿಮ್ಮ ಪರವಾಗಿ ಮಾತಾಡುತ್ತೇನೆ.

ಆ ಹೆಣ್ಣುಮಕ್ಕಳ ಕಷ್ಟದ ಇನ್ನೊಂದು ಸಂಗತಿ ಬರೆಯಲು ಸಂಕೋಚ, ಆದರೂ ಬರೆಯಬೇಕು. ಮುಂಜಾನೆಯಿಂದ ಸಂಜೆಯವರೆಗೆ ಒಲೆ ಮುಂದೆ ಕೂರುವ ಇವರಿಗೆ ಹತ್ತಿರದಲ್ಲಿ ಶೌಚಾಲಯ ಇಲ್ಲ. ಅದಕ್ಕೆಂದೇ ನೀರು ಕಡಿಮೆ ಕುಡಿಯುತ್ತಾರೆ. ಬೇಸಿಗೆಯಲ್ಲಿ ತಗಡಿನ ಕೆಳಗೆ, ಹಂಚಿನ ಮುಂದೆ, ನೀರು ಕುಡಿಯದೆ. ಮೂತ್ರದ ಸೋಂಕು, ಕಲ್ಲು, ತಲೆಸುತ್ತು ಎಂದು ಇದೇ ಹೆಣ್ಣುಮಕ್ಕಳು ಆಸ್ಪತ್ರೆಗೆ ಬರುವುದನ್ನು ವೈದ್ಯರ ಕೋಣೆಯ ಹೊರಗೆ ಕಾಯುತ್ತಾ ನಾನು ನೋಡುತ್ತಿರುತ್ತೇನೆ. ನಮ್ಮ ಭಾಗದ ಬಿಸಿಲಿಗೆ ಸರಕಾರವೇ ಏಪ್ರಿಲ್, ಮೇ ತಿಂಗಳಲ್ಲಿ ಕಚೇರಿ ವೇಳೆಯನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುತ್ತದೆ. ಅದು ನ್ಯಾಯವಾದ ಕ್ರಮ. ಕಚೇರಿ ಬಿಟ್ಟು ಬಂದವರಿಗೆ ಅದೇ ಮಧ್ಯಾಹ್ನ ರೊಟ್ಟಿ ಬಡಿದು ಹಾಕುವವರಿಗೂ ಆ ಬಿಸಿಲು ಅಷ್ಟೇ ಸುಡುತ್ತದೆ. ಖಾನಾವಳಿ ಸಾಲುಗಳ ಮೇಲೆ ನೆರಳುಪರದೆ, ಬೀಗ ಹಾಕಬಹುದಾದ ಒಂದು ಮಹಿಳಾ ಶೌಚಾಲಯ, ಇವಿಷ್ಟಾದರೆ ಇವರ ಆಸ್ಪತ್ರೆ ಖರ್ಚೇ ಉಳಿಯುತ್ತದೆ.

ಕೈ ಕಡಿಮೆಯಾಗುತ್ತಿದೆ ಎಂಬ ಆತಂಕವೂ ಇದೆ. ನಾನು ಉಣ್ಣುತ್ತಿದ್ದ ಖಾನಾವಳಿಗಳಲ್ಲಿ ಕೆಲವು ಮುಚ್ಚಿದವು. ಒಂದರ ಜಾಗದಲ್ಲಿ ಈಗ ಗೋಬಿ ಮಂಚೂರಿ, ಇನ್ನೊಂದರ ಜಾಗದಲ್ಲಿ ಮೊಬೈಲ್ ಅಂಗಡಿ. ಮುಚ್ಚಿದವರನ್ನು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳಿದರು: ರೊಟ್ಟಿ ಬಡಿಯುವವರು ಸಿಗುವುದಿಲ್ಲ. ಹೊಸ ಹುಡುಗಿಯರು ಕಲಿಯಲು ಬರುವುದಿಲ್ಲ, ಬರದಿರುವುದಕ್ಕೆ ಅವರನ್ನು ದೂಷಿಸುವ ಹಕ್ಕು ಯಾರಿಗೂ ಇಲ್ಲ. ಕೂಲಿ ಕಡಿಮೆ, ಬೆಂಕಿ ಮುಂದಿನ ಕೆಲಸ, ಮರ್ಯಾದೆ ಇನ್ನೂ ಕಡಿಮೆ. ‘ಕಲಬುರಗಿ ರೊಟ್ಟಿ’ಯ ಸಂಘಗಳಲ್ಲಿ ಈ ಕೆಲಸಕ್ಕೆ ಮರ್ಯಾದೆ ಬಂದದ್ದನ್ನು ಕಂಡಿದ್ದೇವೆ. ಅದೇ ಯೋಜನೆಯ ಬಾಗಿಲು ಖಾನಾವಳಿಯವರಿಗೂ ತೆರೆಯಲಿ. ಹಿಂಗಾರಿ ಬಿಳಿಜೋಳ ಬೆಳೆಯುವ ರೈತರಿಂದ ನೇರವಾಗಿ ಜೋಳ ಸಿಗುವಂತೆ, ಹತ್ತಾರು ಖಾನಾವಳಿಗೆ ಕೂಡಿ ಒಂದು ಹಿಟ್ಟಿನ ಗಿರಣಿ ಇರುವಂತೆ ಮಾಡಿದರೆ ದಿನದಿನದ ತಾಜಾ ಹಿಟ್ಟು ಸಿಗುತ್ತದೆ. ಆಗ ರೊಟ್ಟಿ ಸೀಳುವುದಿಲ್ಲ, ಬಡಿಯುವವರ ಶ್ರಮವೂ ಉಳಿಯುತ್ತದೆ.

ಮಾನ್ಯರೇ, ಮೇಲೆ ಬಿಡಿಬಿಡಿಯಾಗಿ ಕೇಳಿದ್ದೇನೆ. ಇವುಗಳಲ್ಲಿ ಮೊದಲು ಏನಾಗಬೇಕು ಎಂದು ಕೇಳಿದರೆ, ಸಮೀಕ್ಷೆ ಮತ್ತು ಪ್ರಮಾಣಪತ್ರ. ಅದು ಕೈಗೆ ಬಂದ ದಿನ ಅಕ್ಕ ತಾವೇ ಬೋರ್ಡು ಬರೆಸುತ್ತಾರೆ. ಅದರ ಬೆನ್ನಿಗೆ ಒಂದು ನಕ್ಷೆ. ಒಪ್ಪಿಗೆ ಕೊಟ್ಟ ಖಾನಾವಳಿಗಳ ಜಾಗ, ತೆರೆಯುವ ವೇಳೆ, ಅಲ್ಲಿಯ ವಿಶೇಷ ಅಡುಗೆ ಇಷ್ಟನ್ನು ಒಂದೇ ಹಾಳೆಯಲ್ಲಿ ಕನ್ನಡ, ಉರ್ದು, ಹಿಂದಿ, ಇಂಗ್ಲಿಷಿನಲ್ಲಿ ಮುದ್ರಿಸಿ ರೈಲು ನಿಲ್ದಾಣ, ಬಸ್ ನಿಲ್ದಾಣ, ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳ ಅತಿಥಿಗೃಹಗಳಲ್ಲಿ ಇಡಿಸಿರಿ. ಆಹಾರ ಸುರಕ್ಷತೆಯ ನೋಂದಣಿಗೆ ಇವರು ಕಂಪ್ಯೂಟರ್ ಅಂಗಡಿಗಳಲ್ಲಿ ಮಧ್ಯವರ್ತಿಗಳಿಗೆ ರೊಕ್ಕ ಕೊಡುತ್ತಿದ್ದಾರೆ. ಅಧಿಕಾರಿಗಳು ರಿಂಗ್ ರೋಡಿಗೇ ಬಂದು, ಊಟದ ಹೊತ್ತು ಮುಗಿದ ಮೇಲೆ ಮಧ್ಯಾಹ್ನ ನಾಲ್ಕರ ಸುಮಾರಿಗೆ ಶಿಬಿರ ಹಾಕಿದರೆ ಎಲ್ಲರೂ ಬರುತ್ತಾರೆ. ಹನ್ನೆರಡಕ್ಕೆ ಹಾಕಿದರೆ ಒಬ್ಬರೂ ಬರುವುದಿಲ್ಲ, ದಯವಿಟ್ಟು ಇದನ್ನು ಗಮನದಲ್ಲಿಡಬೇಕು. ಸರಕಾರಿ ಸಭೆ, ಕಾರ್ಯಾಗಾರಗಳ ಊಟಕ್ಕೂ ಸರದಿಯಂತೆ ಇವರಿಗೇ ಆರ್ಡರ್ ಕೊಡಬಹುದು. ಅದಕ್ಕೆ ಹೊಸ ಅನುದಾನ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಊರಿನ ಬಂಧುಗಳಿಗೂ ಇದೇ ಪತ್ರದಲ್ಲಿ ಒಂದು ಮಾತು. ನೆಂಟರು ಬಂದಾಗ “ನಮ್ಮಲ್ಲೇನೈತಿ ತಿನ್ನೋದು” ಎಂದು ಹೇಳಿ ಅವರನ್ನು ಪಿಜ್ಜಾ ಅಂಗಡಿಗೆ ಕರೆದೊಯ್ಯಬೇಡಿ. ಆಳಂದ ಚೆಕ್ ಪೋಸ್ಟಿಗೆ ಕರೆದುಕೊಂಡು ಹೋಗಿ, ಕಪನೂರಕ್ಕೆ ಹೋಗಿ, ಡೇಗು ಖಾಲಿಯಾಗುವ ಮುಂಚೆ ತಹರಿಗೆ ಹೋಗಿ. ಉಂಡ ಮೇಲೆ ಬಡಿದವರಿಗೆ ಚೆನ್ನಾಗಿತ್ತು ಎಂದು ಹೇಳಿ ಬನ್ನಿ.

ಮಾನ್ಯ ಜಿಲ್ಲಾಧಿಕಾರಿಗಳೇ, ಸಮೀಕ್ಷೆಗೆ ಸಿಬ್ಬಂದಿ ಬರುವುದಾದರೆ ನನ್ನ ರವಿವಾರಗಳನ್ನು ಕೊಡಲು ಸಿದ್ಧ. ಯಾವ ತಿರುವಿನಲ್ಲಿ ಯಾರಿದ್ದಾರೆ, ಎಷ್ಟೊತ್ತಿಗೆ ಹೋದರೆ ಅವರ ಕೆಲಸಕ್ಕೆ ಅಡ್ಡಿಯಾಗದು ಎಂಬುದನ್ನು ಜೊತೆಗೆ ಬಂದು ತೋರಿಸುತ್ತೇನೆ. ಬರುವ ಬೇಸಿಗೆ ಶುರುವಾಗುವ ಮುಂಚೆ, ಅಂದರೆ ಮಾರ್ಚ್ ಒಳಗೆ, ನೆರಳು ಮತ್ತು ನೀರಿನ ಕೆಲಸವಾದರೂ ಆಗಲಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಔಷಧ ಪ್ರತಿನಿಧಿ, ಖಾನಾವಳಿಗಳ ಕಾಯಂ ಗಿರಾಕಿ
ಕಲಬುರಗಿ